ನೃಪತುಂಗ ಬೆಟ್ಟದ ಡಬ್ಬಿ

ಶ್ರೀ ಗುರುಬಸವಲಿಂಗಾಯ ನಮಃ

ಕೇಶ್ವಾಪುರ, ಹುಬ್ಬಳ್ಳಿ
೯ ನವೆಂಬರ್ ೨೦೨೫, ರವಿವಾರ

ಚಿ. ಸೌ. ಸೌಮ್ಯಾಳಿಗೆ ಚನ್ನಬಸವ್ವ ಮಾಡುವ ಆಶೀರ್ವಾದಗಳು.

ಮಹಾನವಮಿಗೆ ಬಂದ ನಿನ್ನ ಪತ್ರಕ್ಕೆ ದೀಪಾವಳಿ ಕಳೆದ ಮೇಲೆ ಉತ್ತರ ಬರೆಯುತ್ತಿದ್ದೇನೆ, ಸಿಟ್ಟಾಗಬೇಡ. ಫೋನು ಮಾಡಬಹುದಿತ್ತಲ್ಲ ಎನ್ನುತ್ತೀ. ಫೋನಿನಲ್ಲಿ ನಮ್ಮಿಬ್ಬರ ಮಾತು ಊಟ ಆಯಿತೇ, ಮಳೆ ಆಯಿತೇ ಎನ್ನುವುದರಲ್ಲೇ ಮುಗಿಯುತ್ತದೆ. ಅದರಾಚೆಗೆ ಹೋದರೆ ಇಬ್ಬರೂ ಅಳುತ್ತೇವೆ. ಏಳು ತಿಂಗಳ ಬಸುರಿಯನ್ನು ಅಳಿಸಿದ ಪಾಪ ನನಗೆ ಬೇಡ. ಪತ್ರವಾದರೆ ನೀನು ಮಧ್ಯದಲ್ಲಿ ಮಡಚಿಟ್ಟು, ಒಂದು ಲೋಟ ನೀರು ಕುಡಿದು, ಮತ್ತೆ ಓದಬಹುದು. ಬೇಡವೆನಿಸಿದರೆ ಒಲೆಗೆ ಹಾಕಲೂಬಹುದು.

ನಿನ್ನ ಎರಡನೆಯ ಮದುವೆಯಾದ ಮೇಲೆ ನಾನು ಬರೆಯುತ್ತಿರುವ ಮೊದಲ ಪತ್ರ ಇದು. ಹೆಸರಿಗೆ ಸೌ. ಸೇರಿಸುವಾಗ ಪೆನ್ನು ಸ್ವಲ್ಪ ನಿಂತಿತು. ಹೊಟ್ಟೆಕಿಚ್ಚಿಗಲ್ಲ, ರೂಢಿ ತಪ್ಪಿದ್ದಕ್ಕೆ. ಬರೆದ ಮೇಲೆ ನೋಡಿದೆ, ಚಂದ ಕಾಣಿಸಿತು. ಪ್ರಸಾದನಿಗೂ ನನ್ನ ಆಶೀರ್ವಾದ ಹೇಳು. ಕೊಲ್ಲಾಪುರದವರ ಖಾರ ತಿಂದು ಎದೆ ಉರಿ ಮಾಡಿಕೊಳ್ಳಬೇಡ. ನಿನಗೆ ಮೊದಲೇ ಪಿತ್ತದ ಮೈ.

ನಿನ್ನ ಪತ್ರದ ಒಂದು ಮಾತನ್ನು ಎಷ್ಟು ಸಲ ಓದಿದೆನೋ. "ಬಾಗಲಾ ಸಪ್ಪಳಾದ್ರ ಅವರ ಬಂದ್ರೇನೋ ಅನಸ್ತೈತಿ ಅತ್ತಿ. ಹೊಟ್ಟ್ಯಾಗ ಇನ್ನೊಬ್ಬರ ಕೂಸು ಇಟ್ಕೊಂಡು ಹಿಂಗ ಅನಕೋಬಾರದು, ಗೊತ್ತೈತಿ. ಅವರಿಗೊಂದು ಮಣ್ಣು ಅಂತ ಆಗಿದ್ರ ನನ್ನ ಜೀವಾ ತಣ್ಣಗ ಆಗತಿತ್ತು. ಅವರ ಲಿಂಗಾ ಏನ್ ಮಾಡಿದ್ರಿ?" ಎಂದು ಬರೆದಿದ್ದೀ. ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೂತು ನೌಕರಿ ಮಾಡಿದವಳು ನಾನು. ಕೇಳಿದವರಿಗೆ ಉತ್ತರ ಕೊಡದೆ ಎದ್ದವಳಲ್ಲ. ಕೊನೆಯ ಬಸ್ಸು ಒಳಗೆ ಬರುವ ತನಕ ಆ ಕಿಟಕಿ ಮುಚ್ಚುವ ಹಾಗೂ ಇರಲಿಲ್ಲ. ಅಂಥವಳು ನಿನ್ನೊಬ್ಬಳನ್ನು ಇಷ್ಟು ದಿನ ಕಾಯಿಸಿದೆ. ಉತ್ತರ ನನಗೇ ಗೊತ್ತಿರಲಿಲ್ಲ ತಂಗೀ. ಈಗ ಗೊತ್ತಾಗಿದೆ, ಅದಕ್ಕೇ ಬರೆಯಲು ಕೂತೆ.

ನಿನಗೆ ಗೊತ್ತಿರುವುದನ್ನೇ ಮೊದಲು ಬರೆಯುತ್ತೇನೆ, ಇಲ್ಲದಿದ್ದರೆ ನನಗೆ ದಾರಿ ಸಿಗುವುದಿಲ್ಲ. ನಮ್ಮ ಅಮರೇಶ ಸೈನ್ಯದಿಂದ ಕೊನೆಯ ಸಲ ರಜೆಗೆ ಬಂದಾಗ ಅವನ ಕೊರಳ ಲಿಂಗದ ಮೇಲಿನ ಕಂತಿ, ಆ ಕರಿಯ ಲೇಪ, ಬಿರುಕು ಬಿಟ್ಟಿತ್ತು. ಹೊಸ ಕಂತಿ ಕಟ್ಟಿಸಲು ಶಾಂತಯ್ಯನವರ ಮಠಕ್ಕೆ ಕೊಟ್ಟಿದ್ದೆವು. ಅಷ್ಟರಲ್ಲಿ ರಜೆ ರದ್ದಾಯಿತೆಂದು ಫೋನು ಬಂತು. "ಬರೂ ರಜಾಕ್ಕ ಬಂದಾಗ ಕಟ್ಕೋತೇನಿ ಬಿಡವಾ," ಎಂದು ಬರಿಯ ದಾರ ಕೊರಳಲ್ಲಿ ಹಾಕಿಕೊಂಡು ರೈಲು ಹತ್ತಿದ. ಗಡಿಯ ಹೊಳೆಯ ದಂಡೆಯಲ್ಲಿ ಗುಂಡು ಹಾರಿದ್ದು, ಅವನು ಹೊಳೆಗೆ ಬಿದ್ದದ್ದು, ಆ ಹೊಳೆ ಗಡಿಯಾಚೆಗೆ ಹರಿಯುವ ಹೊಳೆಯಾದದ್ದು, ಇದನ್ನೆಲ್ಲ ದೊಡ್ಡ ಅಧಿಕಾರಿಗಳು ಬಂದು ಇದೇ ಪಡಸಾಲೆಯಲ್ಲಿ ಕೂತು ಹೇಳಿದಾಗ ನೀನು ನನ್ನ ಪಕ್ಕದಲ್ಲಿದ್ದೆ. ಮಗ ಸಿಗಲಿಲ್ಲ. ಲಿಂಗ ಮನೆಯಲ್ಲಿ ಉಳಿಯಿತು. ಅದನ್ನೇ ಅವನೆಂದು ತಿಳಿದು ಸಮಾಧಿ ಮಾಡಿರಿ ಎಂದು ಶಾಂತಯ್ಯನವರು ಎಷ್ಟು ಹೇಳಿದರೂ ನಾನು ಒಪ್ಪಲಿಲ್ಲ. "ಆಳಿಲ್ಲದ ಸಮಾಧಿ ನನಗ ಬ್ಯಾಡ್ರಿ," ಎಂದೆ. ಜಗಲಿಯ ಮೇಲೆ ಇಟ್ಟು ದಿನಾ ನನ್ನ ಲಿಂಗದ ಜೊತೆಗೆ ಅದಕ್ಕೂ ವಿಭೂತಿ ಹಚ್ಚುತ್ತ ಬಂದೆ. ನಿನ್ನ ಮಾವ ಒಂದು ಮಾತೂ ಆಡಲಿಲ್ಲ. ಅವರ ಸ್ವಭಾವ ನಿನಗೆ ಗೊತ್ತು. ಅಂಗಡಿಯಲ್ಲಿ ಹತ್ತಿಕಾಳಿನ ಹಿಂಡಿಯ ದರ ಕೇಳಿದರೂ ಬೆರಳಲ್ಲೇ ತೋರಿಸುವವರು.

ಈಗ ಹೊಸ ಸುದ್ದಿ. ಶ್ರಾವಣದಲ್ಲಿ ಒಬ್ಬ ಹುಡುಗಿ ಮನೆಗೆ ಬಂದಳು, ಫಿರದೋಸ ಎಂದು. ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಕಂಪನಿಯಲ್ಲಿ ಪಾಳಿ ಕೆಲಸ. ಅವಳ ಅಣ್ಣ ಅಸ್ಫಾಕ ಅಮರೇಶನಿಗಿಂತ ಮೊದಲೇ ಗಡಿಯಲ್ಲಿ ಗುಂಡು ತಗುಲಿ ಹೋದವನು. ಹುಬ್ಬಳ್ಳಿಯಿಂದ ಧಾರವಾಡದ ತನಕ, ಹೀಗೆ ಹೋದ ಹುಡುಗರ ನೆನಪಿಗೆ ಅವಳು ಮತ್ತು ಅವಳ ಗೆಳತಿಯರು ಜಿಯೋಕ್ಯಾಶಿಂಗ್ ಹಾದಿ ಮಾಡುತ್ತಿದ್ದಾರಂತೆ. ಹೆಸರು ಕೇಳಿ ಮಾವ ಯಾವುದೋ ಬ್ಯಾಂಕಿನ ಯೋಜನೆ ಎಂದುಕೊಂಡು ಒಳಗೆ ಹೋಗಿಬಿಟ್ಟರು. ಅವಳು ನನಗೆ ತಿಳಿಸಿ ಹೇಳಿದಳು. ಒಬ್ಬೊಬ್ಬ ಹುಡುಗನ ಹೆಸರಲ್ಲಿ ಒಂದೊಂದು ಡಬ್ಬಿ. ಅದರಲ್ಲಿ ಅವನ ಫೋಟೋ, ಅವನ ಬಗ್ಗೆ ನಾಲ್ಕು ಮಾತು, ಬಂದವರು ಹೆಸರು ಬರೆಯಲು ಒಂದು ಸಣ್ಣ ವಹಿ. ಅವನಿಗೆ ಪ್ರೀತಿಯಾದ ಜಾಗದಲ್ಲಿ ಅದನ್ನು ಬಚ್ಚಿಡುತ್ತಾರೆ. ಜಾಗದ ಗುರುತು ಫೋನಿನಲ್ಲಿರುತ್ತದೆ. ಅದನ್ನು ನೋಡುತ್ತ ಹುಡುಕಿ, ಡಬ್ಬಿ ತೆಗೆದು, ಓದಿ, ಮತ್ತೆ ಮುಚ್ಚಿಟ್ಟು ಮುಂದಿನ ಡಬ್ಬಿಗೆ ಹೋಗಬೇಕು. ಒಳಗಿನ ಸಣ್ಣ ಪುಟ್ಟ ವಸ್ತು ಒಂದನ್ನು ತೆಗೆದುಕೊಂಡರೆ ತನ್ನದೊಂದನ್ನು ಇಡಬೇಕು.

"ಪುತ್ಥಳಿ ಇಟ್ರ ಮಂದಿ ಹಾರಾ ಹಾಕಿ ಹೋಗ್ತಾರ್ರಿ ಅಮ್ಮಾರ. ಹುಡುಕಿದ್ರ ಸ್ವಲ್ಪ ಹೊತ್ತಾದ್ರೂ ನೆನಸ್ತಾರ," ಎಂದಳು. ಆ ಮಾತು ನನಗೆ ಹಿಡಿಸಿತು.

ಅಮರೇಶನ ಡಬ್ಬಿಗೆ ನೃಪತುಂಗ ಬೆಟ್ಟ ಎಂದು ನಾನೇ ಹೇಳಿದೆ. ಸೈನ್ಯಕ್ಕೆ ಸೇರಬೇಕೆಂದು ಅವನು ದಿನಾ ಬೆಳಿಗ್ಗೆ ಓಡಿ ಹತ್ತುತ್ತಿದ್ದದ್ದು ಅಲ್ಲೇ ಅಲ್ಲವೇ. ಇಡುವ ದಿನ ಮಾವನನ್ನೂ ಕರೆದುಕೊಂಡು ಹೋದೆ. ಹುಡುಗಿಯರು ಒಂದು ಬಂಡೆಯ ಮಗ್ಗುಲಿಗೆ ಕುಳಿ ತೋಡಿ, ಡಬ್ಬಿ ಇಟ್ಟು, ಮೇಲೆ ಕಲ್ಲು ಒಟ್ಟಿದರು. ಮಾವ ಬಹಳ ಹೊತ್ತು ಅದನ್ನೇ ನೋಡುತ್ತ ನಿಂತರು. ಫಿರದೋಸಳ ಹತ್ತಿರ ಹೋಗಿ, "ಭಾಳ ಛಲೋ ಕೆಲಸಾ ಮಾಡಿದಿಬೇ," ಎಂದರು. ಇಷ್ಟುದ್ದ ಮಾತನಾಡಿದರಲ್ಲ ಎಂದು ನನಗೆ ಸೋಜಿಗವಾಯಿತು. ಅವರು ಏನು ತಿಳಿದುಕೊಂಡು ಹಾಗೆಂದರು ಎಂದು ಆಗ ನನಗೆ ಹೊಳೆಯಲಿಲ್ಲ.

ಆಮೇಲೆ ಫಿರದೋಸ ನನ್ನ ಫೋನಿನಲ್ಲೂ ಅದನ್ನು ಹಾಕಿಕೊಟ್ಟಳು. ಡಬ್ಬಿ ಕಂಡವರು ಅಲ್ಲಿ 'ಸಿಕ್ಕಿತು' ಎಂದು ಬರೆಯುತ್ತಾರೆ. ಅಮರೇಶ ನೀಲಕಂಠಪ್ಪ ಎಂದು ಹೆಸರು, ಅದರ ಕೆಳಗೆ ಸಿಕ್ಕಿತು, ಸಿಕ್ಕಿತು, ಸಿಕ್ಕಿತು. ಮೊದಲ ಸಲ ನೋಡಿದಾಗ ಕೈಯಲ್ಲಿದ್ದ ಹಾಲಿನ ಪಾತ್ರೆ ಕೆಳಗಿಟ್ಟು ಕೂತುಬಿಟ್ಟೆ. ಯಾರ ಯಾರಿಗೋ ಸಿಗುತ್ತಾನಲ್ಲ ಎಂದು ಮನಸ್ಸಿಗೆ ಬಂದದ್ದು ಖರೆ.

ದೀಪಾವಳಿಯ ಪಾಡ್ಯದ ದಿನ ಬೆಳಿಗ್ಗೆ ಪೂಜೆಗೆ ಕೂತರೆ ಜಗಲಿಯ ಮೇಲೆ ಅಮರೇಶನ ಲಿಂಗ ಇಲ್ಲ. ವಸ್ತ್ರವೂ ಇಲ್ಲ. ಇಲಿ ಎಳೆದೊಯ್ದಿತೇ ಎಂದು ಮನೆಯೆಲ್ಲ ಹುಡುಕಿದೆ. ಮಾವ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದರು.

"ಅಂವಗ ಕೊಟ್ಟೇನಿ," ಎಂದರು.

"ಯಾರಿಗ?"

"ಅಮರೇಶಗ. ಬೆಟ್ಟದ ಮ್ಯಾಲ ಹುಗದ್ರಲ್ಲ, ಆ ಡಬ್ಬ್ಯಾಗ. ನಿನ್ನೆ ಅಮಾಸಿ ಇತ್ತು. ವಿಭೂತಿ, ಪತ್ರಿ ಎಲ್ಲಾ ಇಟ್ಟ ಬಂದೇನಿ. ಎಷ್ಟಂತ ಜಗಲಿ ಮ್ಯಾಲ ಇಡಾಕಿ ನೀ? ಮಣ್ಣಾಗರ ಇರಲಿ ಅಂವ."

ಹುಗಿದದ್ದನ್ನು ನೋಡಿ ಅದನ್ನು ಸಮಾಧಿ ಎಂದೇ ತಿಳಿದಿದ್ದರು ಸೌಮ್ಯಾ. ಬಂದವರು ತೆಗೆಯುತ್ತಾರೆ, ಒಂದು ಒಯ್ದು ಒಂದು ಇಡುತ್ತಾರೆ ಎಂದು ಫಿರದೋಸ ಹೇಳುವಾಗ ಅವರು ಒಳಗಿದ್ದರಲ್ಲ. ನನಗೆ ತಿಳಿಯದಂತೆ ಒಬ್ಬರೇ ಹೋಗಿ ಮಗನ ಮಣ್ಣು ಮುಗಿಸಿ ಬಂದಿದ್ದರು. ನಾನು ಆಗ ಬಾಯಿಗೆ ಬಂದದ್ದೆಲ್ಲ ಅಂದೆ. ಅದು ಆಟದ ಡಬ್ಬಿ, ಹುಡುಗರು ಬಂದು ಕೈ ಹಾಕುವ ಡಬ್ಬಿ ಎಂದೆ. ಅವರು ಹಾಕಿಕೊಂಡಿದ್ದ ಗುಂಡಿಯನ್ನೇ ಮತ್ತೆ ಮತ್ತೆ ತಡವುತ್ತ ನಿಂತರು.

ರಿಕ್ಷಾ ಮಾಡಿಕೊಂಡು ಬೆಟ್ಟಕ್ಕೆ ಹೋದೆವು. ಕಲ್ಲು ಸರಿಸಿ ಡಬ್ಬಿ ತೆಗೆದೆ. ಫೋಟೋದಲ್ಲಿ ಅಮರೇಶ ನಗುತ್ತಿದ್ದ. ವಿಭೂತಿಯ ಉಂಡೆ ಇತ್ತು, ಪತ್ರಿ ಇತ್ತು. ಲಿಂಗವಿಲ್ಲ. ಅದರ ಜಾಗದಲ್ಲಿ ಒಂದು ನೀಲಿ ಗಾಜಿನ ಗೋಲಿ. ಅವರು ಇಟ್ಟು ಹೋದ ಸಂಜೆಯೇ ಯಾರೋ ಬಂದು, ಒಂದು ಒಯ್ದು ಒಂದು ಇಟ್ಟಿದ್ದರು. ನಿಯಮ ತಪ್ಪಿರಲಿಲ್ಲ. ಬೆಳಗಿನ ತಿರುಗಾಟಕ್ಕೆ ಬಂದ ಮಂದಿಯ ಎದುರಿಗೆ ನಾನು ನನ್ನ ಗಂಡನನ್ನು ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ನೀನಿದ್ದಿದ್ದರೆ ನನ್ನ ಬಾಯಿ ಮುಚ್ಚುತ್ತಿದ್ದೆ. ಅವರು ಬಂಡೆಯ ಮೇಲೆ ಕೂತು, "ಎರಡನೇ ಸರ್ತಿ ಕಳಕೊಂಡ್ನಿ ಅಂವನ್ನ," ಎಂದರು. ಅದಾದ ಮೇಲೆ ನಾನು ಬೈಯಲಿಲ್ಲ.

ಲಿಂಗ ಸಿಗುವ ತನಕ ಅನ್ನ ಬೇಡವೆಂದು ಊಟ ಬಿಟ್ಟರು. ಬರಿ ನೀರು. ಸಕ್ಕರೆ ಕಾಯಿಲೆಯ ಮನುಷ್ಯ. ನಾನು ಎಷ್ಟು ಕೈ ಮುಗಿದರೂ ಕೇಳಲಿಲ್ಲ. ಹಬ್ಬದ ದಿನ ಓಣಿಯ ತುಂಬ ಪಟಾಕಿ, ನಮ್ಮ ಮನೆಯಲ್ಲಿ ಒಲೆ ಕೂಡ ಹೊತ್ತಲಿಲ್ಲ.

ಫಿರದೋಸಳಿಗೆ ಹೇಳಿದೆ. ಅವಳು ಗಾಬರಿಯಾಗಿ ಫೋನಿನ ಆ ಹಾದಿಯಲ್ಲಿ ಎಲ್ಲರಿಗೂ ಕಾಣುವಂತೆ ಬರೆದಳು. ಮರುದಿನವೇ ಆರತಿ ಎಂಬ ಹುಡುಗಿಯ ಫೋನು ಬಂತು. ಕಾರವಾರದ ಕಡೆಯವಳು, ಧಾರವಾಡದಲ್ಲಿ ಓದುತ್ತಾಳೆ. ಮಾತನಾಡುವ ಮೊದಲೇ ಅಳತೊಡಗಿದಳು.

"ಅಮ್ಮ, ಅದು ಲಿಂಗ ಅಂತ ನನಗೆ ಗೊತ್ತಾಗಲಿಲ್ಲ. ಕಪ್ಪಗೆ ಹೊಳೀತಿತ್ತು, ಹೊಳೆಯ ಕಲ್ಲು ಅಂದುಕೊಂಡೆ. ಒಬ್ಬ ಸೈನಿಕನ ಡಬ್ಬಿಯಿಂದ ಇನ್ನೊಬ್ಬ ಸೈನಿಕನ ಡಬ್ಬಿಗೆ ಏನಾದರೂ ಒಯ್ದು ಇಡೋದು ಈ ಆಟದಲ್ಲಿ ಉಂಟು. ಅಸ್ಫಾಕರ ಡಬ್ಬಿಯಲ್ಲಿ ಬಟ್ಟೆ ಸಮೇತ ಇಟ್ಟಿದ್ದೇನೆ."

ಹೊಳೆಯ ಕಲ್ಲು ಎಂಬ ಮಾತು ನನ್ನ ಎದೆಗೆ ನಾಟಿತು. ಆದರೆ ಆ ಮಗುವಿನ ಮೇಲೆ ಏನು ಸಿಟ್ಟಾಗಲಿ. ಅಳಬೇಡ ಎಂದೆ. ಮಾವ ಅಷ್ಟರಲ್ಲಿ ಚಪ್ಪಲಿ ಮೆಟ್ಟಿಕೊಂಡು ನಿಂತಿದ್ದರು.

ಧಾರವಾಡದ ದಾರಿಯ ಚಿಗರಿ ಬಸ್ಸು ಹಿಡಿದು ರಾಯಾಪುರಕ್ಕೆ ಹೋದೆವು. ಅಸ್ಫಾಕನ ಡಬ್ಬಿ ಇರುವುದು ಅವರಪ್ಪ ಅಬ್ದುಲಮಜೀದರ ಗ್ಯಾರೇಜಿನ ಅಂಗಳದಲ್ಲಿ, ಒಂದು ಹಳೆಯ ಲಾರಿಯ ಇಂಜಿನ್ನಿನ ಸಂದಿಯಲ್ಲಿ. ಹುಡುಗ ಅಲ್ಲೇ ನಟ್ಟು ಬೋಲ್ಟಿನ ಜೊತೆ ಆಡಿ ಬೆಳೆದವನಂತೆ. ಫಿರದೋಸ ಪಾಳಿಯ ಮೇಲಿದ್ದಳು. ಅಬ್ದುಲಮಜೀದರು ಟ್ರ್ಯಾಕ್ಟರಿನ ಕೆಳಗಿಂದ ಎದ್ದು ಬಂದು ಕೈ ಒರೆಸಿಕೊಂಡರು. ಡಬ್ಬಿ ತೆಗೆದು ನೋಡಿದೆವು. ಲಿಂಗ ಅದರಲ್ಲಿಯೂ ಇರಲಿಲ್ಲ. ಮಾವ ನನ್ನ ತೋಳು ಹಿಡಿದುಕೊಂಡರು. ವಿಷಯ ಹೇಳಿದೆ. ಅಬ್ದುಲಮಜೀದರು ಕೇಳುತ್ತ ಕೇಳುತ್ತ ತಲೆಯ ಟೊಪ್ಪಿಗೆ ತೆಗೆದು ಮತ್ತೆ ಹಾಕಿಕೊಂಡರು.

"ಬಂದಿತ್ರಿ ಅಕ್ಕಾರ. ನಾ ದಿನಾ ಮುಂಜಾನೆ ಮಗನ ಡಬ್ಬಿ ತಗದ ನೋಡ್ತೇನ್ರಿ. ನೋಡಿದ ಕೂಡ್ಲೆ ಲಿಂಗ ಅಂತ ಗೊತ್ತಾತು. ಈ ಜಾಗಾದ ಮಾಲಕರು ತೀರಿಕೊಂಡಾಗ ಮಣ್ಣಿಗೆ ಹೋಗಿದ್ನಿ. ಕೈಯಾಗ ಲಿಂಗಾ ಇಟ್ಟು ಕುಂಡ್ರಿಸಿದ್ದು ಕಣ್ಣಾರೆ ನೋಡೇನಿ. ಯಾರೋ ತಾಯಿ, ಅಸ್ಫಾಕನ ಜೋಡಿ ಇರಲಿ ಅಂತ ತನ್ನ ಮಗನ್ನ ಇಲ್ಲೆ ಬಿಟ್ಟ ಹೋಗ್ಯಾಳ ಅನಕೊಂಡ್ನಿ."

"ಆಮ್ಯಾಲ?" ಎಂದರು ಮಾವ.

"ಎಣ್ಣಿ, ಗ್ರೀಸು ಇರೂ ಜಾಗಾ. ಇಲ್ಲೆ ಹ್ಯಾಂಗ ಬಿಡೂದ್ರಿ? ಮನ್ಯಾಗ ಇಟ್ಕೋಳಾಕ ನನಗ ಅಧಿಕಾರ ಇಲ್ಲ. ಮಗಳಿಗಿ ಹೇಳಿದ್ರ ಫೋನಿನ್ಯಾಗ ಹಾಕ್ತಾಳ, ಆ ತಾಯಿ ಗುಟ್ಟಾಗಿ ಇಟ್ಟದ್ದು ಯಾಕ ಬಯಲ ಮಾಡೂದು ಅಂತ ಸುಮ್ನಾದ್ನಿ. ಹಾಜರಾಬಿ ಅಂದ್ಳು, ಮಣ್ಣಿಗಿ ಕೊಡೂಣು ಅಂತ. ಕೊಟ್ವಿ."

ಗ್ಯಾರೇಜಿನ ಹಿಂದೆ ಕರೆದುಕೊಂಡು ಹೋದರು. ಅಸ್ಫಾಕ ಶಾಲೆಯಲ್ಲಿದ್ದಾಗ ನೆಟ್ಟ ಬೇವಿನ ಮರವಿದೆ. ಅದರ ಬುಡಕ್ಕೆ ಹೊಸ ಮಣ್ಣು, ಮೇಲೆ ಒಂದು ಚಪ್ಪಟೆ ಕಲ್ಲು. ಅವನ ತಾಯಿ ಹಾಜರಾಬಿ ಆಗಷ್ಟೇ ನೀರು ಚಿಮುಕಿಸಿದ್ದಳು, ಮಣ್ಣು ಇನ್ನೂ ಒದ್ದೆಯಾಗಿತ್ತು. ನಮ್ಮನ್ನು ನೋಡಿ ಅವಳು ಸೆರಗು ತಲೆಗೆ ಎಳೆದುಕೊಂಡು ಪಕ್ಕಕ್ಕೆ ನಿಂತಳು.

"ತಪ್ಪಾಗಿದ್ರ ಈಗಿಂದೀಗ ತಗದ ಕೊಡ್ತೇನ್ರಿ," ಎಂದು ಅಬ್ದುಲಮಜೀದರು ಸಲಿಕೆ ಎತ್ತಿದರು.

ಮಾವ ಹೋಗಿ ಸಲಿಕೆಯ ಕಾವು ಹಿಡಿದರು. "ಬ್ಯಾಡ್ರಿ ಮಜೀದಸಾಬ್ರ. ಎಷ್ಟ ಆಳ ತಗದೀರಿ?"

"ಎದಿಮಟಾ ತಗೀಬೇಕಂದ್ನಿ, ಬೇರು ಅಡ್ಡ ಬಂತ್ರಿ. ತೊಡಿಮಟಾ ಆಗೈತಿ. ಹೊಸಾ ಬಿಳಿ ಅರಿವ್ಯಾಗ ಸುತ್ತಿ ಇಟ್ಟೇವಿ."

"ಮಣ್ಣು ಯಾರ್ಯಾರು ಹಾಕಿದ್ರಿ?"

"ನಾವಿಬ್ರ ರಿ."

"ಹಂಗಾರ ನನ್ನ ಪಾಲಿಂದು ಉಳದೈತಿ," ಎಂದರು ಮಾವ.

ಮೊಣಕಾಲು ನೋವಿನ ಮನುಷ್ಯ, ಸಲಿಕೆಯನ್ನೇ ಊರಿಕೊಂಡು ನೆಲಕ್ಕೆ ಕೂತರು. ಒಂದು ಹಿಡಿ ಮಣ್ಣು ತೆಗೆದು ಕಲ್ಲಿನ ಮಗ್ಗುಲಿಗೆ ಹಾಕಿ ಅಂಗೈಯಿಂದ ಒತ್ತಿದರು. ಮತ್ತೊಂದು ಹಿಡಿ, ಅದನ್ನೂ ಒತ್ತಿದರು. ಆಮೇಲೆ ಅಳತೊಡಗಿದರು. ಅಧಿಕಾರಿಗಳು ಬಂದ ದಿನವೂ ಅಳದವರು ಆ ಗ್ಯಾರೇಜಿನ ಹಿತ್ತಲಲ್ಲಿ, ಪರರ ಮರದ ಬುಡದಲ್ಲಿ ಸಣ್ಣ ಹುಡುಗನ ಹಾಗೆ ಅತ್ತರು. ಅಬ್ದುಲಮಜೀದರು ಪಕ್ಕಕ್ಕೆ ಕೂತು ಅವರ ಬೆನ್ನ ಮೇಲೆ ಕೈ ಇಟ್ಟರು. ಹೆದ್ದಾರಿಯ ಲಾರಿಗಳು ಹಾರ್ನು ಹೊಡೆಯುತ್ತ ಹೋಗುತ್ತಿದ್ದವು. ಹಾಜರಾಬಿ ಒಳಗಿಂದ ಚಹಾ, ಖಾರಿ ಬಿಸ್ಕೀಟು ತಂದಿಟ್ಟಳು. ಅಲ್ಲೇ ಮಾವ ಉಪವಾಸ ಬಿಟ್ಟರು.

ಸಂಜೆ ಶಾಂತಯ್ಯನವರನ್ನು ಕೇಳಿದೆವು. "ಮಣ್ಣಿಗೆ ಹೋದ ಲಿಂಗ ತಿರುಗಿ ತಗ್ಯಾಕ ಬರೂದಿಲ್ರಿ. ಅದು ಸಮಾಧಿನ ಆತು. ಅಲ್ಲೇ ಹೋಗಿ ಪತ್ರಿ ಏರಿಸ್ರಿ," ಎಂದರು.

ಕುಕ್ಕರಿನ ಸೀಟಿ ಕೂಗಿತು, ಎದ್ದು ಹೋಗಿ ಬಂದೆ. ಈಗ ಮಾವ ಎರಡು ಹೊತ್ತು ಉಣ್ಣುತ್ತಾರೆ. ಸೋಮವಾರ ಅಂಗಡಿ ಮುಚ್ಚಿದ ಮೇಲೆ ರಾಯಾಪುರಕ್ಕೆ ಹೋಗುತ್ತಾರೆ. ಅಬ್ದುಲಮಜೀದರೂ ಅವರೂ ಬೇವಿನ ಕೆಳಗೆ ಕೂತು ಟ್ರ್ಯಾಕ್ಟರಿನ ಬೆಲೆಯೋ ಮಳೆಯೋ ಮಾತಾಡುತ್ತಾರಂತೆ. ಹುಡುಗರ ಮಾತು ಇಬ್ಬರೂ ತೆಗೆಯುವುದಿಲ್ಲ. ಬೆಟ್ಟದ ಡಬ್ಬಿ ಅಲ್ಲೇ ಇದೆ. ಇದರಿಂದ ಏನೂ ಒಯ್ಯಬೇಡಿರಿ ಎಂದು ಫಿರದೋಸ ಚೀಟಿ ಅಂಟಿಸಿದ್ದಾಳೆ. ಜನ ಬರುತ್ತಾರೆ, 'ಸಿಕ್ಕಿತು' ಎಂದು ಬರೆದು ಹೋಗುತ್ತಾರೆ. ನೀಲಿ ಗೋಲಿಯನ್ನು ಆರತಿಗೆ ತಿರುಗಿ ಕೊಡಬೇಕೆಂದಿದ್ದೆ, ಮಾವ ಜೇಬಿನಲ್ಲಿ ಇಟ್ಟುಕೊಂಡಿದ್ದಾರೆ.

ಹೀಗಿದೆ ನಿನ್ನ ಪ್ರಶ್ನೆಗೆ ಉತ್ತರ. ಅಮರೇಶನಿಗೆ ಮಣ್ಣು ಆಗಿದೆ ಸೌಮ್ಯಾ. ರಾಯಾಪುರದಲ್ಲಿ, ಬೇವಿನ ನೆರಳಲ್ಲಿ, ಅವನಂಥವನೇ ಒಬ್ಬ ಹುಡುಗನ ಅಂಗಳದಲ್ಲಿ ಇದ್ದಾನೆ. ಇನ್ನು ಮೇಲೆ ಬಾಗಿಲ ಸಪ್ಪಳವಾದರೆ ಅದು ಹಾಲಿನವನು, ಇಲ್ಲವೇ ಪ್ರಸಾದ. ನೀನು ಎದ್ದು ಓಡಬೇಡ, ಎಡವಿ ಬಿದ್ದೀಯ. ರಾತ್ರಿ ಎಡಮಗ್ಗುಲಾಗಿ ಮಲಗು. ಹೆರಿಗೆ ತವರಲ್ಲೋ ಅಲ್ಲಿಯೋ ತಿಳಿಸು. ಎಲ್ಲಿಯಾದರೂ ಅಂಟಿನುಂಡೆ ಕಟ್ಟಿಕೊಂಡು ನಾನು ಬರುವವಳೇ. ನಿನ್ನ ಅತ್ತೆಯವರು ಯಾರಿವಳು ಎಂದು ಕೇಳಿದರೆ ಏನಾದರೂ ಒಂದು ಹೇಳಿಬಿಡು, ನನಗೆ ಬೇಜಾರಿಲ್ಲ. ಕೂಸು ಗಂಡಾಗಲಿ ಹೆಣ್ಣಾಗಲಿ, ನಿನ್ನ ಮಡಿಲು ತಣ್ಣಗಿರಲಿ. ಬಸವಣ್ಣ ನಿನ್ನನ್ನು ಕಾಯಲಿ.

ಇಂತು ನಿನ್ನ ಹಳೆಯ ಅತ್ತೆ,
ಚನ್ನಬಸವ್ವ

ತಾ.ಕ.: ಒಂದು ಬರೆಯುವುದು ಉಳಿಯಿತು. ಮಾವ ಮಣ್ಣು ಹಾಕಿದ ಮೇಲೆ ಹಾಜರಾಬಿ ನನ್ನ ಕೈಗೂ ಒಂದು ಹಿಡಿ ಕೊಟ್ಟಳು. ನಾನು ಹಾಕಲಿಲ್ಲ. ಎಲ್ಲರೂ ಮಾವನನ್ನು ನೋಡುತ್ತಿದ್ದರು, ಯಾರಿಗೂ ಗೊತ್ತಾಗಲಿಲ್ಲ. ಸೆರಗಿನ ತುದಿಗೆ ಗಂಟು ಹಾಕಿ ಮನೆಗೆ ತಂದೆ, ಇನ್ನೂ ಹಾಗೇ ಇದೆ. ಆಳಿಲ್ಲದ ಸಮಾಧಿ ಬೇಡವೆಂದು ನಾನು ಹಠ ಹಿಡಿದದ್ದು ಶಾಸ್ತ್ರಕ್ಕಲ್ಲ ತಂಗೀ. ಅವನು ಬಂದರೆ ಎಂದು. "ಅಂವ ಇನ್ನ ಬರೂದಿಲ್ಲ, ನೀ ನಿನ್ನ ಬಾಳೇ ನೋಡ್ಕೊ," ಎಂದು ನಿನ್ನನ್ನು ಕಳಿಸಿಕೊಟ್ಟವಳೂ ನಾನೇ, ಬಾಗಿಲ ಸಪ್ಪಳಕ್ಕೆ ನಿನಗಿಂತ ಮೊದಲು ಏಳುವವಳೂ ನಾನೇ. ನೀನು ಏಳುವುದನ್ನು ಬಿಡು. ಮಾವನೂ ಬಿಟ್ಟರು. ಆದರೆ ಎಲ್ಲರೂ ಮಣ್ಣು ಕೊಟ್ಟು ಎದ್ದು ಹೋದರೆ, ಅವನು ಬಂದು "ಸೌಮ್ಯಾ ಎಲ್ಲಿ?" ಎಂದು ಕೇಳಿದಾಗ ಹೇಳಲು ಯಾರಾದರೂ ಒಬ್ಬರು ಕೂತಿರಬೇಕಲ್ಲ. ನಾನು ಕೂತಿರುತ್ತೇನೆ. ಕೊನೆಯ ಬಸ್ಸು ಇನ್ನೂ ಒಳಗೆ ಬಂದಿಲ್ಲ.